ಬೆಂಗಳೂರಿಗಿಂತ ಮೊದಲು ನಮ್ಮ ಕಡೆ ಟಿವಿ ಬಂದಿತ್ತು!

ಹೀಗಂದರೆ ಬೆಂಗಳೂರಿನ ಗೆಳೆಯರು ನಗ್ತಾರೆ. ಜೇವರ್ಗಿಯವನ ಬಡಾಯಿ ಅಂದ್ಕೋತಾರೆ. ಬಡಾಯಿ ಅಲ್ರೀ, ಇತಿಹಾಸ.

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರಂದು, 'ಸೈಟ್' ಅನ್ನೋ ಪ್ರಯೋಗ ಶುರುವಾಯ್ತು. ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟಿತ್ತು. ನೆಲದ ಮೇಲಿನ ಕೆಲಸ ಇಸ್ರೋದ್ದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕೊಟ್ಟರು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳು ಗುಲಬರ್ಗಾ, ರಾಯಚೂರು, ಬಿಜಾಪುರ. ಹಿಂದುಳಿದಿರುವುದೇ ಇಲ್ಲಿ ಅರ್ಹತೆ!

ನಮ್ಮ ಕಾಕಾ ಆಗ ಹಳ್ಳಿ ಶಾಲೆಯ ಹುಡುಗ. ಕೋಳಿಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ, ಊರಿಗೆಲ್ಲಾ ಸೇರಿ ಒಂದೇ ಟಿವಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ಒಕ್ಕಲುತನ, ಆರೋಗ್ಯ, ಸುದ್ದಿ. "ಆಗ ಟಿವಿ ಊರಿಂದಿತ್ತು ತಮ್ಮಾ, ಯಾರ ಮನಿದೂ ಅಲ್ಲ" ಅಂತ ಕಾಕಾ ಇವತ್ತಿಗೂ ಹೇಳ್ತಾರೆ.

1976ರ ಜುಲೈ 31ಕ್ಕೆ ಪ್ರಯೋಗ ಮುಗೀತು, ಉಪಗ್ರಹ ವಾಪಸ್ ಹೋಯ್ತು. ಮುಂದುವರಿಸೋಣ ಅಂತ 1977ರಲ್ಲಿ ಗುಲಬರ್ಗಾದಲ್ಲಿ ಟ್ರಾನ್ಸ್‌ಮಿಟರ್ ಹಾಕಿದರು. ಆದರೆ ಉಪಗ್ರಹಕ್ಕೆ ಎಲ್ಲಾ ಹಳ್ಳಿಯೂ ಒಂದೇ, ಟವರಿಗೆ ಹಾಗಲ್ಲ. ಅದರ ಅಳತೆಯೊಳಗೆ ಇದ್ದವರಿಗೆ ಟಿವಿ ಉಳೀತು. ಕಾಕಾನ ಹಳ್ಳಿ ಆಚೆ ಬಿತ್ತು.

ಅಲ್ಲಿಂದ ಶುರುವಾಯ್ತು ನೋಡಿ ಈ ಗೆರೆ ಎಳೆಯೋ ಆಟ.

1991ರ ಕೊಲ್ಲಿ ಯುದ್ಧದ ನಂತರ ದೇಶದ ತುಂಬಾ ಕೇಬಲ್ ಹಬ್ಬಿತು. 1994ಕ್ಕೆ ಉದಯ ಟಿವಿ ಬಂತು. ಜೇವರ್ಗಿ ಬಜಾರಿನ ಸುತ್ತಮುತ್ತ ವೈರು ಜೋತಾಡಿದವು. ನಮ್ಮ ಮನೆ ಊರಂಚಿಗೆ. "ನಾಲ್ಕು ಮನಿ ಸಲುವಾಗಿ ಅಲ್ಲೀತನಕ ವೈರ್ ಎಳದ್ರ ಗಿಟ್ಟಂಗಿಲ್ರಿ" ಅಂದ ಕೇಬಲ್‌ನವ. ಅವನ ಲೆಕ್ಕ ತಪ್ಪಲ್ಲ ಬಿಡಿ. ಆದರೆ ಆ ಲೆಕ್ಕದಲ್ಲಿ ಊರಂಚಿನವರು ಯಾವತ್ತೂ ಕೊನೆಗೇ.

ಇಂಟರ್ನೆಟ್ ಕಥೆಯೂ ಇದೇ. 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ತೆರೆದುಕೊಂಡದ್ದು ಮಹಾನಗರಗಳಲ್ಲಿ. ರಿಸಲ್ಟ್ ನೋಡಬೇಕಂದ್ರೆ ನಾವು ಬಸ್ ಹತ್ತಿ, ಭೀಮಾ ನದಿ ದಾಟಿ, ಗುಲಬರ್ಗಾದ ಸೈಬರ್ ಕೆಫೆಗೆ ಹೋಗ್ತಿದ್ವಿ. ನೆಟ್ಟಿಗೆ ಗಂಟೆಗಿಷ್ಟು, ಬಸ್ಸಿಗೆ ಬೇರೆ. 2005ರಲ್ಲಿ ಬ್ರಾಡ್‌ಬ್ಯಾಂಡ್ ಬಂತು. ಅದು ಹರಿಯೋದು ಹಳೇ ಟೆಲಿಫೋನಿನ ತಾಮ್ರದ ತಂತಿಯಲ್ಲಿ. ಎಕ್ಸ್‌ಚೇಂಜ್‌ನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಸಿಗ್ನಲ್ ಸೋತುಹೋಗುತ್ತೆ. ಫೋನೇ ಇಲ್ಲದ ಮನೆಗಳ ಮಾತಂತೂ ಬಿಡಿ. 2011ರಲ್ಲಿ ಪ್ರತಿ ಗ್ರಾಮ ಪಂಚಾಯ್ತಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿತು. ಆ ಗೆರೆ ಪಂಚಾಯ್ತಿ ಕಟ್ಟಡದವರೆಗೆ. ಮನೆಯವರೆಗಲ್ಲ.

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದಾಗ ಎಲ್ಲಾ ಸರಿಹೋಯ್ತು ಅಂದ್ಕೊಂಡಿದ್ದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಗೊತ್ತಾಯ್ತು. ಪಕ್ಕದ ಮನೆ ಹುಡುಗಿ ಒಂಬತ್ತನೇ ಕ್ಲಾಸು. ಮನೆಗೆಲ್ಲಾ ಇದ್ದದ್ದು ಒಂದೇ ಫೋನು, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗ್ತಿತ್ತು. ಅಪ್ಪ ರಾತ್ರಿ ಬರೋದ್ರೊಳಗೆ ಪಾಠ ಮುಗಿದಿರ್ತಿತ್ತು. "ನಾಳಿ ನೋಡ್ತೀನ್ರಿ ಅಣ್ಣಾ" ಅನ್ನೋಳು. ಎಷ್ಟು ನಾಳೆ?

ಆ ಜುಲೈನಲ್ಲಿ ದೂರದರ್ಶನ ಚಂದನದಲ್ಲಿ ಹೈಸ್ಕೂಲು ಮಕ್ಕಳಿಗೆ 'ಸೇತುಬಂಧ' ಪಾಠ ಶುರುವಾಯ್ತು. ಆ ಹುಡುಗಿ, ಅವಳ ಗೆಳತಿಯರು, ದೂರ ದೂರ ಕೂತು ನಮ್ಮ ಪಡಸಾಲೆಯಲ್ಲೇ ನೋಡಿದರು. ಬಾಗಿಲಲ್ಲಿ ನಿಂತಿದ್ದ ಕಾಕಾ ಅಂದರು, "ನಲವತ್ತೈದು ವರ್ಷ ಆತು. ಮತ್ತ ಅಲ್ಲಿಗೇ ಬಂದೀವಿ ನೋಡು."

ಸೈಟ್ ಒಂದೇ ವರ್ಷ ಇತ್ತು, ಒಪ್ತೀನಿ. ಆದರೆ ಹಿಂದುಳಿದವರಿಗೆ ಮೊದಲು ಅಂತ ಅವತ್ತು ಯಾರೋ ಕೂತು ತೀರ್ಮಾನ ಮಾಡಿದ್ದರು. ಆಮೇಲೆ ಬಂದ ವೈರು, ಟವರು ಹೆಚ್ಚುಕಮ್ಮಿ ಗಿರಾಕಿ ಎಣಿಸಿಕೊಂಡೇ ಬಂದವು. ಮಾಡಲಿಕ್ಕೆ ಆಗೋದಿಲ್ಲ ಅಂತ ಹೇಳಬೇಡಿ, ಒಮ್ಮೆ ಮಾಡಿ ತೋರಿಸಿದ್ದೇವೆ.

ನಿಮ್ಮ ಮನೆಯ ಹಿರಿಯರಲ್ಲಿ ಆ ಜಾಲರಿ ಆಂಟೆನಾ ಕೆಳಗೆ ಕೂತು ಟಿವಿ ನೋಡಿದವರಿದ್ದರೆ, ಕೇಳಿ ಬರೆದಿಡಿ. ಕಾಕಾನಂಥವರು ಬಹಳ ಜನ ಉಳಿದಿಲ್ಲ.