ಸವೆದ ನಾಣ್ಯದ ವಿಳಾಸ

ಇಬ್ರಾದ ಬುಧವಾರದ ಹೆಂಗಸರ ಸಂತೆಯ ಬಗ್ಗೆ ಬಳಗದ ಓದುಗರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಆ ಊರಿನ ಹಳೆಯ ಬೆಳ್ಳಿ ಒಡವೆಗಳನ್ನೋ ಸವೆದ ನಾಣ್ಯಗಳನ್ನೋ ಕಂಡಾಗ ನಾವೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: "ಇದು ಅಸಲಿಯೋ, ನಕಲಿಯೋ?" ನಾಣ್ಯ ಬಲ್ಲವರು ಮೊದಲು ಕೇಳುವುದು ಬೇರೆ: "ಇದು ಎಲ್ಲಿ ಸಿಕ್ಕಿತು? ಜೊತೆಯಲ್ಲಿ ಏನಿತ್ತು?"

ಈ ಪ್ರಶ್ನೆಯ ಬೆಲೆ ತಿಳಿಯಲು ದೂರ ಹೋಗಬೇಕಾಗಿಲ್ಲ. ಇಬ್ರಾ ಇರುವ ಶರ್ಖಿಯಾ ಸೀಮೆಯಲ್ಲೇ ಸಿನಾವ್ ಎಂಬ ಊರಿದೆ. 1979ರಲ್ಲಿ ಅಲ್ಲಿ ಒಂದು ಮಣ್ಣಿನ ಮಡಕೆ ಸಿಕ್ಕಿತು. ಒಳಗೆ 900ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು! ಪರ್ಷಿಯಾದ ಸಸಾನಿ ಅರಸರ ಕಾಲದಿಂದ ಹಿಡಿದು ಅಬ್ಬಾಸಿ ಖಲೀಫರ ಕಾಲದವರೆಗಿನವು, ಅಂದರೆ ಸುಮಾರು ಎರಡೂವರೆ ಶತಮಾನದ ಹಣ ಒಂದೇ ಗಡಿಗೆಯಲ್ಲಿ. ಬ್ರಿಟಿಷ್ ಮ್ಯೂಸಿಯಮ್ಮಿನ ನಿಕೊಲಸ್ ಲೋವಿಕ್ ಅವುಗಳನ್ನು ಅಭ್ಯಾಸ ಮಾಡಿ 1983ರಲ್ಲಿ ಪ್ರಕಟಿಸಿದರು. ಕೊನೆಯ ನಾಣ್ಯ ಸುಮಾರು ಕ್ರಿ.ಶ. 840ರದು. ಹಾಗಾಗಿ ಮಡಕೆ ಮಣ್ಣು ಸೇರಿದ್ದು ಅದಾದ ಮೇಲೆಯೇ. ಅದರೊಳಗಿನ ಅತಿ ಸವೆದ ನಾಣ್ಯಕ್ಕೂ ಹೀಗೆ ಒಂದು ವಿಳಾಸ ದೊರೆಯಿತು.

ಅಂಥ ದಿರ್ಹಮನ್ನು ಓದುವ ಬಗೆ ಸ್ವಾರಸ್ಯಕರ. ಅದರಲ್ಲಿ ಅರಸನ ಮುಖವಿಲ್ಲ, ಬರಹವಷ್ಟೆ. ಟಂಕಸಾಲೆಯ ಊರು ಮತ್ತು ಹಿಜರಿ ವರ್ಷವನ್ನು ಅಂಚಿನ ಸುತ್ತ ಅಕ್ಷರಗಳಲ್ಲೇ ಬರೆದಿರುತ್ತಾರೆ. ನಾವು ತೊಂಬತ್ತಮೂರು ಎಂದರೆ ಅರಬಿಯಲ್ಲಿ "ಮೂರು ಮತ್ತು ತೊಂಬತ್ತು". ಆ ಕಾಲದ ಕೂಫಿ ಲಿಪಿಯಲ್ಲಿ ಚುಕ್ಕಿಗಳಿಲ್ಲದ್ದರಿಂದ ಎಪ್ಪತ್ತು ಮತ್ತು ತೊಂಬತ್ತು ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. ಅಂಚು ಸವೆದಿದ್ದರಂತೂ ಕೇಳುವುದೇ ಬೇಡ. ಹಾಗಾದರೆ ಬಿಡಿಸುವುದು ಹೇಗೆ? ಊರಿನ ಹೆಸರು ವಾಸಿತ್ ಎಂದಿದ್ದರೆ ಸಂಶಯವೇ ಇಲ್ಲ, ತೊಂಬತ್ತಮೂರೇ. ಇರಾಕಿನ ಆ ಊರನ್ನು ಹಜ್ಜಾಜ್ ಕಟ್ಟಿಸಿದ್ದೇ ಹಿಜರಿ 80ರ ದಶಕದಲ್ಲಿ. ಎಪ್ಪತ್ತಮೂರರಲ್ಲಿ ಅಲ್ಲಿ ಟಂಕಸಾಲೆ ಎಲ್ಲಿಂದ ಬಂತು? ಇಲ್ಲಿ ಭೂತಗನ್ನಡಿಗಿಂತ ಚರಿತ್ರೆಯೇ ಹೆಚ್ಚು ಉಪಯೋಗಕ್ಕೆ ಬಂದದ್ದು. ಯಾರಾದರೂ ಮಾರುವ "ವಾಸಿತ್, 73" ಎಂಬ ನಾಣ್ಯದ ಬಗ್ಗೆ ಏನೆನ್ನಬೇಕೆಂಬುದು ಓದುಗರಿಗೇ ಬಿಟ್ಟದ್ದು.

ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯದೂ ಇದೇ ಪಾಠ. ಎಂ.ಎಚ್. ಕೃಷ್ಣ ಅವರೂ ಅವರ ನಂತರ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಲ್ಲಿ ಅಗೆದರು. ರೋಮಿನ ಬೆಳ್ಳಿ ನಾಣ್ಯವೂ ಸಾತವಾಹನರ ಕಾಲದ ನಾಣ್ಯಗಳೂ ಅಲ್ಲಿ ಸಿಕ್ಕಿದವು. ಯಾವ ಪದರದಲ್ಲಿ ಸಿಕ್ಕಿತು ಎಂಬುದು ಗೊತ್ತಿದ್ದುದರಿಂದಲೇ ಒಂದು ಇನ್ನೊಂದಕ್ಕೆ ಸಾಕ್ಷಿಯಾಯಿತು.

ಇನ್ನು ಇಬ್ರಾದ ಕಡೆಯ ಬೆಳ್ಳಿಯ ಮಾತು. ಅಲ್ಲಿ ಒಡವೆಗಳಲ್ಲಿ ಹೆಚ್ಚಾಗಿ ಕಾಣುವುದು ಆಸ್ಟ್ರಿಯಾದ ರಾಣಿ ಮರಿಯಾ ಥೆರೇಸಾಳ ತಾಲರ್. ಕರಾವಳಿಯಲ್ಲಿ ನಮ್ಮ ರೂಪಾಯಿ ಓಡುತ್ತಿದ್ದ ಕಾಲದಲ್ಲೂ ಒಳನಾಡಿನಲ್ಲಿ ನೆಚ್ಚಿನ ಹಣ ಇದೇ. 1970ರಲ್ಲಿ ಒಮಾನಿನ ಸ್ವಂತ ರಿಯಾಲ್ ಬರುವವರೆಗೂ ಚಲಾವಣೆಯಲ್ಲಿತ್ತು. ಎಲ್ಲದರ ಮೇಲೂ 1780 ಎಂದೇ ಇದೆ. ರಾಣಿ ತೀರಿಕೊಂಡದ್ದು ಅದೇ ವರ್ಷ, ಆದರೆ ನಾಣ್ಯ ನಿಲ್ಲಲಿಲ್ಲ. 1935ರಲ್ಲಿ ಮುಸೊಲಿನಿ ಅಚ್ಚಿನ ಹಕ್ಕನ್ನು ವಿಯೆನ್ನಾದಿಂದ ಪಡೆದುಕೊಂಡ ಮೇಲೆ ಲಂಡನ್, ಪ್ಯಾರಿಸ್, ಬ್ರಸೆಲ್ಸ್‌ನವರೂ ತಾವೇ ಹೊಡೆಯಲು ಶುರುಮಾಡಿದರು. 1940ರ ದಶಕದ ಆರಂಭದಲ್ಲಿ ನಮ್ಮ ಬೊಂಬಾಯಿಯ ಟಂಕಸಾಲೆಯಲ್ಲೂ ಆಯಿತು! ಹಾಗಾದರೆ ಬೊಂಬಾಯಿಯದು ನಕಲಿಯೇ? ತೂಕ ಅದೇ 28 ಗ್ರಾಂ ಚಿಲ್ಲರೆ, ಸಾವಿರಕ್ಕೆ 833 ಪಾಲು ಬೆಳ್ಳಿ. ಕೊಟ್ಟವರೂ ತೆಗೆದುಕೊಂಡವರೂ ಅದನ್ನು ಹಣವೆಂದೇ ಒಪ್ಪಿದರು. ಅದನ್ನು ನಕಲಿ ಎನ್ನಲು ನಮಗೆ ಮನಸ್ಸು ಬಾರದು. ಅದನ್ನು 18ನೇ ಶತಮಾನದ್ದೆಂದು ಹೇಳಿ ಮಾರುವುದು ಮಾತ್ರ ಮೋಸ.

ನಿಜವಾದ ಖೋಟಾ ತಾಲರ್‌ಗಳೂ ಇವೆ. ರಾಣಿಯ ಎದೆಯ ಪದಕದ ಮುತ್ತುಗಳು ಸ್ಪಷ್ಟವಾಗಿವೆಯೇ ಎಂದು ಹಳೆಯ ವ್ಯಾಪಾರಿಗಳು ನೋಡುತ್ತಿದ್ದರಂತೆ. ನಾವಾದರೆ ಮೊದಲು ತಕ್ಕಡಿಗೆ ಹಾಕುತ್ತೇವೆ, ಆಮೇಲೆ ಅಂಚು ನೋಡುತ್ತೇವೆ. ಅಸಲಿಯ ಅಂಚಿನಲ್ಲಿ ಲ್ಯಾಟಿನ್ ಅಕ್ಷರಗಳು ಉಬ್ಬಿರುತ್ತವೆ. ಎರಕ ಹೊಯ್ದದ್ದರಲ್ಲಿ ಅವು ಮೊಂಡಾಗಿ, ಮೈಮೇಲೆ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ, ಕೆಲವೊಮ್ಮೆ ಅಂಚಿನ ಸುತ್ತ ಬೆಸುಗೆಯ ಗೆರೆಯೂ ಇರುತ್ತದೆ. ಸವೆತವೂ ಸುಳ್ಳು ಹೇಳುವುದು ಕಷ್ಟ. ಕೈಯಿಂದ ಕೈಗೆ ಹೋಗಿ ಸವೆದ ನಾಣ್ಯದಲ್ಲಿ ಉಬ್ಬಿದ ಭಾಗ ಮೊದಲು ನುಣುಪಾಗುತ್ತದೆ, ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಉಬ್ಬು ತಗ್ಗು ಎಲ್ಲವೂ ಒಂದೇ ಸಮ ಮಸುಕಾಗಿದ್ದರೆ ಅನುಮಾನ ಪಡಬೇಕು.

ಆ ಕಪ್ಪನ್ನು ಮಾತ್ರ ದಯವಿಟ್ಟು ತೆಗೆಯಬೇಡಿ. ಲಕ್ಷ್ಮೀಪೂಜೆಯ ಹಿಂದಿನ ದಿನ ಬೆಳ್ಳಿ ರೂಪಾಯಿಗಳನ್ನು ವಿಭೂತಿಯಲ್ಲಿ ತಿಕ್ಕಿ ಫಳಫಳಿಸುವುದು ನಮ್ಮ ಮನೆಗಳ ಪದ್ಧತಿ. ದೇವರು ಒಪ್ಪಿಕೊಂಡಾನು, ನಾಣ್ಯಶಾಸ್ತ್ರದವರು ಒಪ್ಪುವುದಿಲ್ಲ. ಹೀಗೆ ಉಜ್ಜಿದರೆ ಓದಲು ಉಳಿದಿದ್ದ ಅರ್ಧ ಅಕ್ಷರವೂ ಹೋದೀತು. ಸರದಲ್ಲಿ ಪೋಣಿಸಿದ ತಾಲರ್‌ಗೆ ಬಳೆ ಬೆಸೆದ ಗುರುತು, ಬಟ್ಟೆಗೆ ತಾಗಿದ ಒಂದು ಬದಿ ಮಾತ್ರ ಹೆಚ್ಚು ಸವೆದಿರುವುದು, ಇವೂ ಅದರ ಚರಿತ್ರೆಯೇ. ಅದು ಪೇಟೆಯಲ್ಲಿ ಎಷ್ಟು ಕಾಲ ಓಡಿತೋ, ಯಾರದೋ ಕೊರಳಲ್ಲಿ ಎಷ್ಟು ಕಾಲ ಇತ್ತೋ, ಆ ಎರಡು ಬದಿಗಳನ್ನು ಹೋಲಿಸಿ ನೋಡಿದರೆ ತಕ್ಕಮಟ್ಟಿಗೆ ತಿಳಿಯುತ್ತದೆ.