ಮಾರುಕಟ್ಟೆಯಿಂದ ಆಹಾರ ವಾಪಸು: ಗ್ರಾಹಕನ ಭಯ, ವಿಶ್ವಾಸ ಮತ್ತು ಮರೆವು

ಅಪಾಯಕಾರಿ ಎಂದು ಶಂಕಿಸಲಾದ ಆಹಾರ ಪದಾರ್ಥವನ್ನು ಮಾರುಕಟ್ಟೆಯಿಂದ ವಾಪಸು ಪಡೆಯುವ ಕ್ರಮದ ಯಶಸ್ಸು ಕೇವಲ ಸರ್ಕಾರಿ ಆದೇಶವನ್ನು ಅವಲಂಬಿಸಿಲ್ಲ. ಅಡುಗೆಮನೆಯ ಕಪಾಟನ್ನು ಈಗಾಗಲೇ ಸೇರಿರುವ ಪೊಟ್ಟಣವನ್ನು ಗ್ರಾಹಕ ಏನು ಮಾಡುತ್ತಾನೆ ಎಂಬುದೂ ಅಷ್ಟೇ ಮುಖ್ಯ. 2015ರ ಮ್ಯಾಗಿ ನೂಡಲ್ಸ್ ಪ್ರಕರಣ ಇದಕ್ಕೆ ಉತ್ತಮ ನಿದರ್ಶನ.

ಹಿನ್ನೆಲೆ

ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ 2014ರಲ್ಲಿ ಸಂಗ್ರಹಿಸಲಾದ ಮಾದರಿಯಲ್ಲಿ 17.2 ಪಿಪಿಎಂ ಸೀಸ ಇದೆ ಎಂದು ಕೋಲ್ಕತ್ತದ ಪ್ರಯೋಗಾಲಯ ವರದಿ ಮಾಡಿತ್ತು. ಅನುಮತಿಸಿದ ಮಿತಿ 2.5 ಪಿಪಿಎಂ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2015ರ ಜೂನ್ 5ರಂದು ಮ್ಯಾಗಿಯ ಒಂಬತ್ತು ಬಗೆಗಳನ್ನು ಹಿಂಪಡೆಯಲು ಆದೇಶಿಸಿತು. ನಂತರ 25 ಸಾವಿರ ಟನ್‌ಗೂ ಅಧಿಕ ದಾಸ್ತಾನು ನಾಶವಾಯಿತು.

ಆದರೆ ಗೋವಾ ಕಳುಹಿಸಿದ್ದ ಮಾದರಿಗಳು ನಿಗದಿತ ಗುಣಮಟ್ಟದಲ್ಲಿಯೇ ಇವೆ ಎಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ತಿಳಿಸಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಪಡಿಸಿ, ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳಲ್ಲಿ ಮರುಪರೀಕ್ಷೆಗೆ ಸೂಚಿಸಿತು. ಮಾದರಿಗಳು ತೇರ್ಗಡೆಯಾದ ಬಳಿಕ ನಂಜನಗೂಡಿನ ಕಾರ್ಖಾನೆಯೂ ಸೇರಿದಂತೆ ಮೂರು ಕಡೆ ಉತ್ಪಾದನೆ ಪುನರಾರಂಭಗೊಂಡು, ನವೆಂಬರ್ 9ರಂದು ಮ್ಯಾಗಿ ಮತ್ತೆ ಅಂಗಡಿಗಳಿಗೆ ಬಂದಿತು.

ಎರಡು ವಿಪರೀತಗಳು

ಜೂನ್‌ನಲ್ಲಿ ಪೊಟ್ಟಣ ಮುಟ್ಟಲು ಹೆದರಿದ್ದ ಗ್ರಾಹಕರೇ ನವೆಂಬರ್‌ನಲ್ಲಿ ಮುಗಿಬಿದ್ದರು. ಆನ್‌ಲೈನ್‌ನಲ್ಲಿ ಮಾರಾಟಕ್ಕಿಟ್ಟ 60 ಸಾವಿರ ಕಿಟ್‌ಗಳು ಐದೇ ನಿಮಿಷಗಳಲ್ಲಿ ಖಾಲಿಯಾದವು. 2016ರ ವೇಳೆಗೆ ಮಾರುಕಟ್ಟೆಯ ಸುಮಾರು ಅರ್ಧ ಪಾಲನ್ನು ಮ್ಯಾಗಿ ಮರಳಿ ಗಳಿಸಿತು. ಭಯ ಎಷ್ಟು ವೇಗವಾಗಿ ಹರಡಿತೋ ಅಷ್ಟೇ ವೇಗವಾಗಿ ಇಳಿಯಿತು. ಬಾಲ್ಯದ ನೆನಪು, ನಂಬಿದ ಹೆಸರು, ನ್ಯಾಯಾಲಯದ ತೀರ್ಪು ಈ ಮೂರೂ ಅದಕ್ಕೆ ನೆರವಾದವು ಎನ್ನಬಹುದು.

ಅಪಾಯವನ್ನು ಜನ ಅಳೆಯುವ ಬಗೆಯೇ ಬೇರೆ. ಕಣ್ಣಿಗೆ ಕಾಣದ, ಅಪರಿಚಿತವಾದ, ತಮ್ಮ ಹತೋಟಿಯಲ್ಲಿಲ್ಲದ ಅಪಾಯಗಳಿಗೆ ಅವರು ಹೆಚ್ಚು ಹೆದರುತ್ತಾರೆ ಎಂದು ಅಮೆರಿಕದ ಮನೋವಿಜ್ಞಾನಿ ಪಾಲ್ ಸ್ಲೋವಿಕ್ 1987ರಲ್ಲಿ ವಿವರಿಸಿದ್ದರು. ಸೀಸ ಎಂಬ ಹೆಸರು ಕೇಳಿ ಬೆಚ್ಚಿಬಿದ್ದವರೇ ಬೀದಿಬದಿಯ ತಿಂಡಿಯ ಗಾಢ ಕೆಂಪು ಬಣ್ಣವನ್ನು ಪ್ರಶ್ನಿಸದೆ ತಿನ್ನುವುದು ಈ ಕಾರಣದಿಂದಲೇ.

ವಾಪಸು ಪಡೆಯಲಾಗದ ಆಹಾರ

ರಾಜ್ಯದಲ್ಲಿ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107 ಅಸುರಕ್ಷಿತವೆಂದು ಕಂಡುಬಂದವು. 2024ರ ಮಾರ್ಚ್ 11ರಂದು ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನೂ, ಕಾಟನ್ ಕ್ಯಾಂಡಿಗೆ ರೋಡಮೈನ್-ಬಿ ಬೆರೆಸುವುದನ್ನೂ ಸರ್ಕಾರ ನಿಷೇಧಿಸಿತು. ಆದರೆ ತಟ್ಟೆಯಲ್ಲಿ ಬಡಿಸಿದ ಗೋಬಿಗೆ ಬ್ಯಾಚ್ ಸಂಖ್ಯೆಯೂ ಇಲ್ಲ, ತಯಾರಿಕೆಯ ದಿನಾಂಕವೂ ಇಲ್ಲ. ತಿಂದ ಮೇಲೆ ಅದನ್ನು ವಾಪಸು ಪಡೆಯುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಇಲ್ಲಿ ಗ್ರಾಹಕನ ಎಚ್ಚರವೇ ಮೊದಲ ರಕ್ಷಣೆ.

ಕಾನೂನು ಏನನ್ನುತ್ತದೆ?

ತಾನು ಮಾರಿದ ಆಹಾರ ಕಾನೂನಿನ ಮಾನದಂಡಕ್ಕೆ ಅನುಗುಣವಾಗಿಲ್ಲವೆಂದು ಅನುಮಾನ ಬಂದರೆ ಅದನ್ನು ಹಿಂಪಡೆಯುವ ಹೊಣೆಯನ್ನು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 28ನೇ ಕಲಂ ಉದ್ಯಮದ ಮೇಲೆಯೇ ಹೊರಿಸಿದೆ. ಇದರ ಕಾರ್ಯವಿಧಾನವನ್ನು 2017ರ ನಿಯಮಾವಳಿ ನಿಗದಿಪಡಿಸಿದೆ.

ಗ್ರಾಹಕ ಮಾಡಬೇಕಾದದ್ದು

* ಪ್ರಕಟಣೆಯಲ್ಲಿರುವ ಬ್ಯಾಚ್ ಸಂಖ್ಯೆಯನ್ನು ಮನೆಯಲ್ಲಿರುವ ಪೊಟ್ಟಣದೊಂದಿಗೆ ಹೋಲಿಸಿ ನೋಡಬೇಕು. ಕೇವಲ ಹೆಸರು ಕೇಳಿ ಎಲ್ಲವನ್ನೂ ಎಸೆಯುವುದಾಗಲಿ, ಸುದ್ದಿಯನ್ನೇ ಕಡೆಗಣಿಸುವುದಾಗಲಿ ಸರಿಯಲ್ಲ.
* ಡಬ್ಬಿಗೆ ಸುರಿಯುವ ಮುನ್ನ ಲೇಬಲ್ ಕತ್ತರಿಸಿ ಇಟ್ಟುಕೊಳ್ಳುವುದು ಹಾಗೂ ರಸೀದಿ ಕೇಳಿ ಪಡೆಯುವುದು ಒಳಿತು.
* ಶಂಕಿತ ಪದಾರ್ಥವನ್ನು ಇತರರಿಗೆ ಕೊಡದೆ, ಅಂಗಡಿಗೆ ಮರಳಿಸಬೇಕು.
* ದೂರುಗಳನ್ನು ಪ್ರಾಧಿಕಾರದ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್ ಮೂಲಕ ಇಲ್ಲವೇ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಸಲ್ಲಿಸಬಹುದು.

ಒಂದು ಪ್ರಯೋಗಾಲಯದ ವರದಿ ಅಂತಿಮ ತೀರ್ಪಲ್ಲ ಎಂಬುದನ್ನು ಮ್ಯಾಗಿ ಪ್ರಕರಣ ತೋರಿಸಿತು. ಹಾಗೆಂದು ಮುಂದಿನ ಎಚ್ಚರಿಕೆಯನ್ನೂ ಸುಳ್ಳೆಂದು ಬಗೆದರೆ ಅದರ ಬೆಲೆ ತೆರಬೇಕಾದವರು ಮನೆಯ ಮಕ್ಕಳು. ಸೀಸದ ದುಷ್ಪರಿಣಾಮ ಹೆಚ್ಚಾಗಿ ತಟ್ಟುವುದು ಬೆಳೆಯುವ ಮೆದುಳಿಗೇ ಎಂಬುದನ್ನು ಮರೆಯುವಂತಿಲ್ಲ.