ಬರಿಯ ಬೋರ್ಡಿನಿಂದ ಸಿದ್ಧಯಂತ್ರಕ್ಕೆ: 1976ರ ಒಂದು ಬೇಡಿಕೆಯ ವಿಚಾರ

ವೈಯಕ್ತಿಕ ಗಣಕಯಂತ್ರದ ಉಗಮವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದನ್ನು ರಚಿಸಿದವರ ಪ್ರತಿಭೆಯನ್ನು ಕೊಂಡಾಡಿ ಮುಂದೆ ಸಾಗುತ್ತಾರೆ. ಯಂತ್ರವನ್ನು ಯಾವ ಸ್ಥಿತಿಯಲ್ಲಿ ಮಾರಬೇಕು, ತಾಮ್ರದ ಗೆರೆಗಳನ್ನು ಮುದ್ರಿಸಿದ ಬರಿಯ ಸರ್ಕ್ಯೂಟ್ ಬೋರ್ಡಾಗಿಯೋ, ಭಾಗಗಳನ್ನು ಜೋಡಿಸಿಯೋ, ಅಥವಾ ಕ್ರಮವಿಧಿಯನ್ನು ತುಂಬಿ ಪರೀಕ್ಷಿಸಿಯೋ ಎಂಬ ಪ್ರಶ್ನೆ ಅವರಿಗೆ ಕೇವಲ ವ್ಯಾಪಾರದ ವಿವರವಾಗಿ ತೋರುತ್ತದೆ. ಆದರೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆಯಿದೆ: ಯಂತ್ರ ನಡೆಯದೆ ಹೋದರೆ ಹೊಣೆ ಯಾರದು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ನಡೆದ ಒಂದು ಪ್ರಸಂಗವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಒಂದು ವರ್ಷ ಮೊದಲು, 1975ರ ಜನವರಿಯಲ್ಲಿ, ಆಲ್ಟೇರ್ 8800 ಎಂಬ ಯಂತ್ರವು ಅಮೆರಿಕದ ಒಂದು ಪತ್ರಿಕೆಯ ಮೂಲಕ ಪ್ರಸಿದ್ಧಿಗೆ ಬಂದಿತ್ತು. ಬಿಡಿಭಾಗಗಳ ಕಟ್ಟಾಗಿ ಅದರ ಬೆಲೆ ಸುಮಾರು 400 ಡಾಲರ್. ಜೋಡಿಸಿದ ಯಂತ್ರವೂ ದೊರೆಯುತ್ತಿದ್ದಿತು, ಆದರೆ ಅದಕ್ಕೆ ಹೆಚ್ಚಿನ ಹಣ ತೆರಬೇಕಾಗಿತ್ತು. ಕಟ್ಟನ್ನು ಕೊಂಡವನು ತಾನೇ ಒಂದೊಂದು ಸಂಧಿಗೂ ಬೆಸುಗೆ ಹಾಕಬೇಕು. ಒಂದು ಬೆಸುಗೆ ಕೆಟ್ಟರೂ ತಪ್ಪನ್ನು ತಾನೇ ಹುಡುಕಬೇಕು. ಕಾರ್ಖಾನೆಯ ಕೊನೆಯ ಕೆಲಸಗಾರನು ಗ್ರಾಹಕನೇ ಆಗಿದ್ದನೆಂದರೆ ಅತಿಶಯೋಕ್ತಿಯಲ್ಲ.

ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ನೌಕರರಾಗಿದ್ದ ಸ್ಟೀವ್ ವೋಜ್ನಿಯಾಕರು ತಮ್ಮ ಯಂತ್ರದ ನಕ್ಷೆಯನ್ನು ಹೋಮ್‌ಬ್ರೂ ಎಂಬ ಹವ್ಯಾಸಿಗಳ ಸಂಘದಲ್ಲಿ ಉಚಿತವಾಗಿ ಹಂಚುತ್ತಿದ್ದರು. ನಕ್ಷೆ ದೊರೆತರೂ ಅದನ್ನು ಯಂತ್ರವಾಗಿಸುವಷ್ಟು ವ್ಯವಧಾನ ಸದಸ್ಯರಿಗಿಲ್ಲವೆಂದು ಕಂಡ ಸ್ಟೀವ್ ಜಾಬ್ಸರು, ಬರಿಯ ಬೋರ್ಡುಗಳನ್ನು ಮಾಡಿಸಿ ಮಾರೋಣವೆಂದು ಸೂಚಿಸಿದರು. ಚಿಪ್‌ಗಳನ್ನು ಕೊಳ್ಳುವ ಖರ್ಚೂ ಜೋಡಿಸುವ ಶ್ರಮವೂ ಗ್ರಾಹಕನದು. ಬಂಡವಾಳಕ್ಕೆ ಒಬ್ಬರು ತಮ್ಮ ಕ್ಯಾಲ್ಕ್ಯುಲೇಟರನ್ನೂ ಇನ್ನೊಬ್ಬರು ತಮ್ಮ ವ್ಯಾನನ್ನೂ ಮಾರಿದರು. 1976ರ ಏಪ್ರಿಲ್ 1ರಂದು ಆಪಲ್ ಸಂಸ್ಥೆ ಹುಟ್ಟಿದಾಗ ಅದರ ಉದ್ದೇಶ ಇಷ್ಟೇ.

ಈ ಉದ್ದೇಶವನ್ನು ಬದಲಾಯಿಸಿದವರು ಯಂತ್ರಜ್ಞರಲ್ಲ, ಒಬ್ಬ ಅಂಗಡಿಕಾರರು. ಮೌಂಟನ್ ವ್ಯೂ ಪಟ್ಟಣದಲ್ಲಿ ಬೈಟ್ ಶಾಪ್ ನಡೆಸುತ್ತಿದ್ದ ಪಾಲ್ ಟೆರೆಲರು ತಮಗೆ ಬರಿಯ ಬೋರ್ಡು ಬೇಡವೆಂದರು. ಪೂರ್ತಿಯಾಗಿ ಜೋಡಿಸಿದ 50 ಯಂತ್ರಗಳನ್ನು ತಂದರೆ ಒಂದಕ್ಕೆ 500 ಡಾಲರಿನಂತೆ ಸ್ಥಳದಲ್ಲಿಯೇ ಹಣ ಕೊಡುವುದಾಗಿ ಹೇಳಿದರು. ಕೈಯಲ್ಲಿ ಅಲ್ಪ ಹಣವಿದ್ದ ಪಾಲುದಾರರ ಮುಂದೆ 25,000 ಡಾಲರಿನ ಬೇಡಿಕೆ ನಿಂತಿತು. ಬಿಡಿಭಾಗಗಳನ್ನು 30 ದಿನಗಳ ಸಾಲದ ಮೇಲೆ ತಂದರು. ಅಷ್ಟರೊಳಗೆ ಯಂತ್ರಗಳು ನಡೆಯದಿದ್ದರೆ ಸಾಲ ತೀರುವಂತಿರಲಿಲ್ಲ. ಲಾಸ್ ಆಲ್ಟೋಸಿನಲ್ಲಿದ್ದ ಜಾಬ್ಸರ ತಂದೆಯ ಮನೆಯಲ್ಲಿ ಒಂದೊಂದು ಬೋರ್ಡನ್ನೂ ಕೀಲಿಮಣೆಗೂ ಪರದೆಗೂ ಸೇರಿಸಿ ನಡೆಸಿ ನೋಡಲಾಯಿತು. ಕೆಲಸ ಮಾಡಿದ್ದು ಪೆಟ್ಟಿಗೆಗೆ. ಮಾಡದಿದ್ದುದು ಮರಳಿ ವೋಜ್ನಿಯಾಕರ ಕೈಗೆ. ಸರಿಯಾಗಿ ಕೂಡದ ಒಂದು ಪಿನ್ನನ್ನು ಹುಡುಕುವ ಈ ಬೇಸರದ ಶ್ರಮಕ್ಕೆ, ಮೋಟಾರುಕೊಟ್ಟಿಗೆಯ ಕಥೆಯನ್ನು ರಮ್ಯವಾಗಿ ಹೇಳುವವರು ತಕ್ಕ ಸ್ಥಾನ ಕೊಡುವುದಿಲ್ಲ. ಹಿಂದೆ ಗ್ರಾಹಕನ ಮೇಲಿದ್ದ ಹೊರೆ ತಯಾರಕನ ಹೆಗಲಿಗೆ ಬಂದದ್ದು ಇಲ್ಲಿಯೇ.

ಆದರೂ ಅದನ್ನು ಸಿದ್ಧಯಂತ್ರವೆನ್ನಲಾಗದು. ಹೊರಪೆಟ್ಟಿಗೆ, ಕೀಲಿಮಣೆ, ಪರದೆ ಯಾವುದೂ ಅದರೊಡನೆ ಬರಲಿಲ್ಲ. ಟೆರೆಲರು ಹೆಚ್ಚಿನದನ್ನು ನಿರೀಕ್ಷಿಸಿದ್ದರೂ ಮಾತಿನಂತೆ ಹಣ ಕೊಟ್ಟರು. ಬೋರ್ಡಿನಲ್ಲಿ ಸ್ಥಿರವಾಗಿದ್ದ ಕ್ರಮವಿಧಿ ಕೇವಲ 256 ಬೈಟುಗಳದು; ಬೇಸಿಕ್ ಭಾಷೆಯನ್ನು ಕ್ಯಾಸೆಟ್ಟಿನಿಂದ ತುಂಬಲು 75 ಡಾಲರಿನ ಬೇರೊಂದು ಕಾರ್ಡು ಬೇಕಾಗಿತ್ತು. ಜೋಡಣೆಯಾಗಿತ್ತು, ಪರೀಕ್ಷೆಯಾಗಿತ್ತು, ಕ್ರಮವಿಧಿ ಮಾತ್ರ ಗ್ರಾಹಕನ ಪಾಲಿಗುಳಿದಿತ್ತು. 666.66 ಡಾಲರ್ ಬೆಲೆಯ ಈ ಯಂತ್ರಗಳು ತಯಾರಾದುದು ಸುಮಾರು 200.

ಉಳಿದ ಹೆಜ್ಜೆಯನ್ನು 1977ರ ಏಪ್ರಿಲಿನಲ್ಲಿ ಪ್ರದರ್ಶಿತವಾದ ಎರಡನೆಯ ಆಪಲ್ ಇಟ್ಟಿತು. ಪೆಟ್ಟಿಗೆ, ಕೀಲಿಮಣೆ, ವಿದ್ಯುತ್ ಪೂರೈಕೆ ಎಲ್ಲವೂ ಅದರಲ್ಲಿದ್ದವು. ಬೇಸಿಕ್ ಭಾಷೆ ಯಂತ್ರದೊಳಗೇ ನೆಲೆಗೊಂಡಿತ್ತು. ಬೆಲೆ 1,298 ಡಾಲರಿಗೇರಿತು. ಅದೇ ವರ್ಷ ಕಮೊಡೋರ್ ಮತ್ತು ಟ್ಯಾಂಡಿ ಸಂಸ್ಥೆಗಳೂ ಬೆಸುಗೆ ಬೇಡದ ಯಂತ್ರಗಳನ್ನು ತಂದವು. ಇದರಿಂದ ಶಾಲೆಗೂ ಮನೆಗೂ ಗಣಕ ಬರುವಂತಾಯಿತೆಂಬುದು ನಿಜ. ತನ್ನ ಯಂತ್ರದ ಒಂದೊಂದು ತಂತಿಯನ್ನೂ ಬಲ್ಲ ಒಡೆಯನು ಮರೆಯಾಗತೊಡಗಿದನೆಂಬುದೂ ನಿಜ. ಆಪಲ್ ಸಂಸ್ಥೆಗೂ ಆ ಹಳೆಯ ಗಿರಾಕಿಯನ್ನು ಒಮ್ಮೆಲೇ ಕೈಬಿಡುವುದು ಸಾಧ್ಯವಾಗಲಿಲ್ಲ: 1977ರಲ್ಲಿ ಅದು ತನ್ನ ಎರಡನೆಯ ಯಂತ್ರವನ್ನು ಪೆಟ್ಟಿಗೆಯಿಲ್ಲದ ಬೋರ್ಡಿನ ರೂಪದಲ್ಲಿಯೂ ಹವ್ಯಾಸಿಗಳಿಗೆ ಮಾರಿತು.